ಯುದ್ಧದ ನಡುವೆ ಹಳ್ಳಿಮದ್ದಿನ ಹುಡುಗಿ: ಅವಳ ಕೈಯಲ್ಲಿ ಏನಾಗುತ್ತೆ, ಏನಾಗಲ್ಲ?

ಹೊಳೆದಂಡೆ ಕೇಳಿದ್ದು:

ನಮಸ್ಕಾರ. ಬರೆಯುತ್ತಿರುವುದು ಫ್ಯಾಂಟಸಿ ಕಾದಂಬರಿ. ಎರಡು ರಾಜ್ಯಗಳ ನಡುವೆ ಒಂದು ಹೊಳೆ, ಹೊಳೆಯ ಪಕ್ಕ ಒಂದು ಹಳ್ಳಿ, ಮೂರನೇ ವರ್ಷಕ್ಕೆ ಕಾಲಿಟ್ಟ ಯುದ್ಧ. ನಾಯಕಿಗೆ ಹದಿನೆಂಟು. ಅಜ್ಜಿಯಿಂದ ಮದ್ದು ಕಲಿತವಳು, ಅಜ್ಜಿ ಈಗಿಲ್ಲ. ಅಂಗೈಯ ಬಿಸಿಯಿಂದ ಹರಿದ ಮಾಂಸ ಕೂಡಿಸುವ ಶಕ್ತಿ ಅವಳಿಗಿದೆ. ಕತ್ತಿ, ಈಟಿ, ಬಾಣ, ಬೆಂಕಿ ಎಲ್ಲ ಉಂಟು. ಮದ್ದು ಅಂದರೆ ಔಷಧಿಯ ಮದ್ದೊಂದೇ, ಸಿಡಿಮದ್ದು ಆ ಲೋಕಕ್ಕೆ ಇನ್ನೂ ಬಂದಿಲ್ಲ.

ಸಿಕ್ಕಿಕೊಂಡಿರುವುದು ಮೂರು ಕಡೆ. ಮೂರನೇ ಅಧ್ಯಾಯದಲ್ಲಿ ಭುಜಕ್ಕೆ ಬಾಣ ನೆಟ್ಟ ಸೈನಿಕ ಬರುತ್ತಾನೆ. ಅವಳು ಬಾಣ ಕಿತ್ತು, ಅಂಗೈ ಇಟ್ಟು, ಸೊಪ್ಪಿನ ಲೇಪ ಹಚ್ಚುತ್ತಾಳೆ. ಮರುದಿನ ಅವನು ಕತ್ತಿ ಹಿಡಿದು ಹೊರಡುತ್ತಾನೆ. ಓದಿದವರೆಲ್ಲ "ಇದು ನಂಬೋ ಹಾಗಿಲ್ಲ" ಅಂದರು. ಏಳನೇ ಅಧ್ಯಾಯದಲ್ಲಿ ಒಂದೇ ರಾತ್ರಿ ಹದಿನಾಲ್ಕು ಗಾಯಾಳುಗಳು ಬರುತ್ತಾರೆ, ಅಲ್ಲಿ ಏನು ಬರೆಯಬೇಕೆಂದೇ ತೋಚುತ್ತಿಲ್ಲ. ಇನ್ನು ಅವಳ ಕರುಣೆ: ಅದನ್ನು ತೋರಿಸಬೇಕಾದಾಗಲೆಲ್ಲ ಅವಳು ಅಳುತ್ತಾಳೆ. ನನಗೇ ಸಾಕಾಗಿದೆ. ಗಾಯ, ಇತಿಹಾಸ, ಮಂತ್ರದ ನಿಯಮ ಬಲ್ಲವರು ಬಿಡಿಸಿ ಹೇಳಿದರೆ ಉಪಕಾರ.

ಬಿಗಿಕಟ್ಟು ಉತ್ತರ:

ಬಾಣದಿಂದಲೇ ಶುರು ಮಾಡೋಣ. ಆ ದೃಶ್ಯವನ್ನು ಕೆಡಿಸಿರುವುದು "ಕಿತ್ತು" ಅನ್ನುವ ಒಂದೇ ಪದ.

ಯುದ್ಧಕ್ಕೆ ಮಾಡಿದ ಮೊನೆಗಳಲ್ಲಿ ಎಷ್ಟೋ ಬಗೆಗೆ ಹಿಮ್ಮುಖವಾದ ಮುಳ್ಳುಗಳಿರುತ್ತವೆ. ಒಳಗೆ ಹೋಗುವಾಗ ಸೀಳಿದ್ದಕ್ಕಿಂತ ಹೊರಗೆ ಬರುವಾಗ ಹೆಚ್ಚು ಸೀಳುತ್ತವೆ. ಮೊನೆಯನ್ನು ಕಡ್ಡಿಗೆ ಅಂಟಿನಿಂದಲೋ ಮೇಣದಿಂದಲೋ ಕೂಡಿಸಿದ್ದರೆ ರಕ್ತದ ಬಿಸಿಗೆ, ತೇವಕ್ಕೆ ಅದು ಸಡಿಲವಾಗುತ್ತದೆ. ಎಳೆದರೆ ಕಡ್ಡಿ ಕೈಗೆ ಬರುತ್ತದೆ, ಮೊನೆ ಒಳಗೇ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಹರಿದ ರಕ್ತನಾಳಕ್ಕೆ ಬಾಣವೇ ಬಿರಡೆಯಾಗಿ ಕೂತಿರಬಹುದು. ತೆಗೆದ ಕೂಡಲೇ ಚಿಮ್ಮುತ್ತದೆ.

ತಿಳಿದವಳಾದರೆ ಕಡ್ಡಿಯನ್ನು ಚರ್ಮದಿಂದ ನಾಲ್ಕು ಬೆರಳು ಮೇಲೆ ಕತ್ತರಿಸುತ್ತಾಳೆ. ಸುತ್ತ ಬಟ್ಟೆ ಒಟ್ಟಿ ಅಲುಗದ ಹಾಗೆ ಕಟ್ಟುತ್ತಾಳೆ. ಬೆಳಕು, ಕುದಿಸಿ ಆರಿಸಿದ ನೀರು, ಅದುಮಿ ಹಿಡಿಯಲು ಇಬ್ಬರು, ಇಷ್ಟು ಸಿಕ್ಕ ಮೇಲೆ ಕೈ ಹಚ್ಚುತ್ತಾಳೆ. ಆಗಲೂ ದಾರಿ ಎರಡೇ. ಮೊನೆ ಆಚೆ ಬದಿಯ ಚರ್ಮದ ಹತ್ತಿರಕ್ಕೆ ಬಂದಿದ್ದು ನಡುವೆ ಎಲುಬು, ದೊಡ್ಡ ನಾಳ ಇಲ್ಲದಿದ್ದರೆ ಅಲ್ಲಿ ಕೊಯ್ದು ಮುಂದಕ್ಕೇ ತಳ್ಳುವುದು. ಇಲ್ಲವೇ ಬಂದ ದಾರಿಯನ್ನು ಅಗಲಿಸಿ, ಮುಳ್ಳುಗಳ ಮೇಲೆ ಸೀಳಿದ ಟೊಳ್ಳು ಕಡ್ಡಿಗಳನ್ನು ಹೊದಿಸಿ ಹಿಂದಕ್ಕೆ ಎಳೆಯುವುದು. ಈ ಎರಡನೆಯದು ರೋಮನ್ನರ ಕಾಲಕ್ಕೇ ಗೊತ್ತಿದ್ದ ಉಪಾಯ.

ಭುಜ ಅಪಾಯವಿಲ್ಲದ ಜಾಗ ಅನ್ನುವುದು ಕಥೆಗಳು ಹುಟ್ಟಿಸಿದ ಭ್ರಮೆ. ಕೊರಳೆಲುಬಿನ ಹಿಂದೆ ಕೈಗೆ ಹೋಗುವ ದೊಡ್ಡ ಅಪಧಮನಿ ಇದೆ. ಅದು ಹರಿದರೆ ಒತ್ತಿ ಹಿಡಿಯಲು ಸರಿಯಾದ ಜಾಗವೇ ಸಿಗುವುದಿಲ್ಲ. ಪಕ್ಕದಲ್ಲೇ ಕೈಯ ನರಗಳ ಗೊಂಚಲು, ಕೆಳಗೆ ಶ್ವಾಸಕೋಶದ ತುದಿ. ನಿಮ್ಮ ಸೈನಿಕ ಬದುಕಲೇಬೇಕಾದರೆ ಬಾಣವನ್ನು ತೊಡೆಯ ಹೊರಬದಿಗೆ ವರ್ಗಾಯಿಸಿ.

ರಕ್ತದ ವಿಷಯ. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ಇರುತ್ತದೆ. ಮುಕ್ಕಾಲು ಲೀಟರಿನ ತನಕ ಹೋದರೆ ಹೊರಗೆ ಹೆಚ್ಚೇನೂ ಕಾಣದು. ಒಂದೂವರೆ ಲೀಟರ್ ದಾಟಿದರೆ ನಾಡಿ ಓಡುತ್ತದೆ, ಮೈ ತಣ್ಣಗೆ ಬೆವರುತ್ತದೆ, ಬಾಯಾರಿಕೆ. ಎರಡು ಲೀಟರಿನ ಹತ್ತಿರ ಮಾತು ತಡವರಿಸಿ ಮಂಕು ಕವಿಯುತ್ತದೆ. ತೊಡೆಯ ಅಪಧಮನಿ ಪೂರ್ತಿ ತುಂಡಾದರೆ ಕೆಲವೇ ನಿಮಿಷಗಳ ಮಾತು. ಅವಳ ಮೊದಲ ಕೆಲಸ ಸೊಪ್ಪು ಅರೆಯುವುದಾಗಿರಲಾರದು. ಬಟ್ಟೆಯನ್ನು ಗಾಯದ ತಳ ಮುಟ್ಟುವ ತನಕ ಬೆರಳಿನಿಂದ ತುರುಕಿ, ಎರಡೂ ಅಂಗೈ ಊರಿ, ಮೈಭಾರ ಹಾಕಿ ಹತ್ತು ನಿಮಿಷ ಒತ್ತಬೇಕು. ನಿಂತಿತೇ ಅಂತ ನಡುವೆ ಎತ್ತಿ ನೋಡಿದರೆ ಹೆಪ್ಪು ಕಿತ್ತು ಬಂದು ಮತ್ತೆ ಮೊದಲಿಂದ.

ಕೈಕಾಲಿನ ಗಾಯ ಅದಕ್ಕೂ ಬಗ್ಗದಿದ್ದರೆ ಬಿಗಿಕಟ್ಟು. ಮೂರು ಬೆರಳಗಲದ ಪಟ್ಟಿ, ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲಿನ ಮೇಲೆ ಬೇಡ. ಗಂಟಿನಲ್ಲಿ ಕೋಲು ಸಿಕ್ಕಿಸಿ ರಕ್ತ ನಿಲ್ಲುವ ತನಕ ತಿರುಚಬೇಕು. ತೆಳು ದಾರ ಕಟ್ಟಿದರೆ ಮಾಂಸ ಕತ್ತರಿಸುತ್ತದೆಯೇ ಹೊರತು ಒಳಗಿನ ಅಪಧಮನಿ ಮುಚ್ಚುವುದಿಲ್ಲ. ಅರೆಬರೆ ಬಿಗಿದರೆ ಇನ್ನೂ ಕೆಟ್ಟದ್ದು: ಹೃದಯಕ್ಕೆ ಮರಳುವ ರಕ್ತ ಮಾತ್ರ ನಿಂತು ಸೋರಿಕೆ ಹೆಚ್ಚುತ್ತದೆ. ಎರಡು ಗಂಟೆ ದಾಟಿದರೆ ಆ ಅಂಗಕ್ಕೆ ಅಪಾಯ ಶುರು, ಆರು ಗಂಟೆ ದಾಟಿದರೆ ಅಂಗದ ಆಸೆ ಬಿಡಬೇಕು. ಕಟ್ಟಿದ ಹೊತ್ತನ್ನು ಗಾಯಾಳುವಿನ ಹಣೆಯ ಮೇಲೆ ಮಸಿಯಲ್ಲಿ ಬರೆಸಿ. ಆ ಹೊತ್ತು ಮೀರುತ್ತಿರುವುದು ಓದುಗರಿಗೂ ಕಾಣುತ್ತಿರಲಿ.

ಆಮೇಲೆ ತೊಳೆಯುವುದು. ಕುದಿಸಿ ಆರಿಸಿದ ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸುಮಾರು ಒಂದೂವರೆ ಚಿಕ್ಕ ಚಮಚ. ಗಾಯವೊಂದಕ್ಕೆ ಕನಿಷ್ಠ ಒಂದು ಲೀಟರ್, ಎಲುಬು ಹೊರಬಂದಿದ್ದರೆ ಮೂರಾದರೂ ಬೇಕು. ಸುಮ್ಮನೆ ಸುರಿದರೆ ಮಣ್ಣು ಹೋಗದು. ಮೇಕೆಯ ಮೂತ್ರಕೋಶಕ್ಕೆ ಟೊಳ್ಳು ಗರಿ ಕಟ್ಟಿ ಹಿಂಡಿದರೆ ಪಿಚಕಾರಿಯಷ್ಟು ರಭಸ ಬರುತ್ತದೆ. ಗಾಯದೊಳಗೆ ಹೊಕ್ಕ ಅಂಗಿಯ ಚೂರನ್ನು ಹುಡುಕಿ ತೆಗೆಯಬೇಕು. ಮೊನೆಗಿಂತ ಹೆಚ್ಚಾಗಿ ಕೊಲ್ಲುವುದು ಆ ಚಿಂದಿಯೇ.

ತೊಳೆದ ಗಾಯವನ್ನು ಹೊಲಿಯಬಾರದು! ಯುದ್ಧದ ಗಾಯವನ್ನು ಬಾಯಿ ತೆರೆದೇ ಬಿಟ್ಟು, ಜೇನು ಸವರಿದ ಬಟ್ಟೆ ಸಡಿಲವಾಗಿ ತುಂಬಿ, ನಾಲ್ಕೈದು ದಿನ ಬಿಟ್ಟು ನೋಡಬೇಕು. ಮಾಂಸ ಕೆಂಪಗೆ, ವಾಸನೆಯಿಲ್ಲದೆ, ಕೀವಿಲ್ಲದೆ ಇದ್ದರೆ ಆಗ ಹೊಲಿಗೆ. ಕೂಡಿದ ಚರ್ಮಕ್ಕೆ ಮೂರು ವಾರದ ಹೊತ್ತಿಗೆ ಮೊದಲಿನ ಬಲದ ಐದನೇ ಒಂದು ಪಾಲು ಬಂದಿರುತ್ತದೆ, ಅಷ್ಟೇ. ಮೂರು ತಿಂಗಳಾದರೂ ನೂರಕ್ಕೆ ಎಂಬತ್ತು ದಾಟದು. ಮರುದಿನ ಕತ್ತಿ ಬೀಸಿದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ.

(ಇದೆಲ್ಲ ಕಥೆಗೆ. ನಿಜ ಜೀವನದಲ್ಲಿ ಗಾಯವಾದರೆ ಒತ್ತಿ ಹಿಡಿದು ಆಸ್ಪತ್ರೆಗೆ ಓಡಿ.)

ಹಳೆಯ ದಫ್ತರ ಉತ್ತರ:

ಮೇಲಿನವರು ಹೇಳಿದ್ದಕ್ಕೆ ಇತಿಹಾಸದ ಒತ್ತಾಸೆ. 1403ರ ಶ್ರೂಸ್‌ಬರಿ ಕಾಳಗದಲ್ಲಿ ಇಂಗ್ಲೆಂಡಿನ ಹದಿನಾರರ ರಾಜಕುಮಾರ ಹೆನ್ರಿಯ ಮುಖಕ್ಕೆ ಬಾಣ ನೆಟ್ಟಿತು. ಕಡ್ಡಿ ಬಂತು, ಮೊನೆ ಆರು ಅಂಗುಲ ಒಳಗೆ ಎಲುಬಿನಲ್ಲೇ ಉಳಿಯಿತು. ಜಾನ್ ಬ್ರ್ಯಾಡ್‌ಮೋರ್ ಎಂಬ ಶಸ್ತ್ರವೈದ್ಯ ಎಲ್ಡರ್ ಗಿಡದ ತಿರುಳಿನ ಕಡ್ಡಿಗಳಿಗೆ ನಾರುಬಟ್ಟೆ ಸುತ್ತಿ, ಗುಲಾಬಿ ಜೇನಿನಲ್ಲಿ ಅದ್ದಿ, ದಿನೇ ದಿನೇ ದಪ್ಪ ಹೆಚ್ಚಿಸುತ್ತ ದಾರಿ ಅಗಲಿಸಿದ. ಆಮೇಲೆ ನಡುವೆ ತಿರುಪು ಇರುವ ಇಕ್ಕಳವನ್ನು ಮೊನೆಯ ಟೊಳ್ಳಿನೊಳಗೆ ಇಳಿಸಿ, ತಿರುಪು ಬಿಗಿದು, ಅತ್ತಿತ್ತ ಅಲುಗಿಸಿ ಹೊರತೆಗೆದ. ಗಾಯವನ್ನು ಬಿಳಿ ವೈನಿನಲ್ಲಿ ತೊಳೆದ. ಬತ್ತಿಗಳನ್ನು ದಿನ ಬಿಟ್ಟು ದಿನ ಕಿರಿದಾಗಿಸುತ್ತ, ಒಳಗಿನಿಂದ ಮಾಂಸ ತುಂಬಿಕೊಳ್ಳಲು ಸುಮಾರು ಇಪ್ಪತ್ತು ದಿನ ಕೊಟ್ಟ. ರಾಜಕುಮಾರನಿಗೇ ಇಷ್ಟು ದಿನ ಹಿಡಿದಿರುವಾಗ ನಿಮ್ಮ ಕಾಲಾಳು ಒಂದು ರಾತ್ರಿಯಲ್ಲಿ ಎದ್ದರೆ ಓದುಗ ಹೇಗೆ ಸುಮ್ಮನಿದ್ದಾನು?

ಇನ್ನೊಂದು ಪ್ರಸಂಗ ನಿಮ್ಮ ಹುಡುಗಿಗೆ ತೀರ ಹತ್ತಿರದ್ದು. ಹದಿನಾರನೇ ಶತಮಾನದ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರೋಸ್ ಪಾರೆ ಇಪ್ಪತ್ತರ ಹರೆಯದಲ್ಲಿ ಟ್ಯೂರಿನ್ ಕಡೆಯ ದಂಡಯಾತ್ರೆಗೆ ಹೋಗಿದ್ದ. ಗುಂಡಿನ ಗಾಯಕ್ಕೆ ಕುದಿಯುವ ಎಣ್ಣೆ ಹುಯ್ಯುವುದು ಆ ಕಾಲದ ಶಾಸ್ತ್ರ. ಎಣ್ಣೆ ಮುಗಿಯಿತು. ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದ. ಇವರೆಲ್ಲ ಬೆಳಗಾಗುವಷ್ಟರಲ್ಲಿ ಸತ್ತಿರುತ್ತಾರೆಂದು ನಿದ್ದೆಗೆಟ್ಟ. ನೋಡಿದರೆ ಎಣ್ಣೆ ಹುಯ್ಯಿಸಿಕೊಂಡವರು ಜ್ವರದಲ್ಲಿ ನರಳುತ್ತಿದ್ದರು, ಇವರು ನಿದ್ದೆ ಮಾಡಿದ್ದರು. ಅಜ್ಜಿ ಕಲಿಸಿದ ಒಂದು ಪದ್ಧತಿ ತಪ್ಪು ಅನ್ನುವುದು ಸಾಮಗ್ರಿ ಮುಗಿದ ರಾತ್ರಿ ಅವಳಿಗೆ ಗೊತ್ತಾಗಲಿ. ಅಜ್ಜಿಯ ಮೇಲಿನ ಪ್ರೀತಿ, ಕಣ್ಣೆದುರಿನ ಸಾಕ್ಷಿ ಎರಡೂ ಒಂದೇ ಕೋಣೆಯಲ್ಲಿರುತ್ತವೆ.

ಎರಡೂ ಕಡೆಯವರಿಗೆ ಶುಶ್ರೂಷೆ ಮಾಡುವುದು ಆದರ್ಶದ ಮಾತಾಯಿತೆಂದು ಹಿಂಜರಿಯಬೇಡಿ. 1859ರ ಜೂನ್ 24ರಂದು ಇಟಲಿಯ ಸೊಲ್ಫೆರಿನೋ ಕಾಳಗ ನಡೆಯಿತು. ಪಕ್ಕದ ಕಾಸ್ತಿಲ್ಯೋನೆ ಊರಿನ ಚರ್ಚು, ಮನೆ, ಬೀದಿಗಳೆಲ್ಲ ಗಾಯಾಳುಗಳಿಂದ ತುಂಬಿಹೋದವು. ಊರಿನ ಹೆಂಗಸರು "ಎಲ್ಲರೂ ಅಣ್ಣತಮ್ಮಂದಿರೇ" ಎನ್ನುತ್ತ ಶತ್ರು ಮಿತ್ರ ನೋಡದೆ ನೀರು ಕುಡಿಸಿದರು, ಗಾಯ ತೊಳೆದರು. ಅದನ್ನು ಕಂಡ ವ್ಯಾಪಾರಿ ಆನ್ರಿ ಡ್ಯುನಾನನಿಂದಾಗಿ 1863ರಲ್ಲಿ ರೆಡ್‌ಕ್ರಾಸ್ ಶುರುವಾಯಿತು, 1864ರಲ್ಲಿ ಜಿನೀವಾ ಒಪ್ಪಂದವಾಯಿತು. ಆ ಒಪ್ಪಂದದಲ್ಲಿ ಕಾದಂಬರಿಕಾರರಿಗೆಂದೇ ಬರೆದಂಥ ಒಂದು ಕಲಮು ಇತ್ತು: ಗಾಯಾಳುವಿಗೆ ಆಸರೆ ಕೊಟ್ಟ ಮನೆಗೆ ರಕ್ಷಣೆ, ಆ ಮನೆಯಲ್ಲಿ ಪಡೆ ಬೀಡು ಬಿಡುವಂತಿಲ್ಲ, ಯುದ್ಧದ ವಸೂಲಿಯಲ್ಲೂ ಒಂದಿಷ್ಟು ಮಾಫಿ. ನಿಮ್ಮ ಎರಡು ರಾಜ್ಯಗಳ ನಡುವೆ ಇಂಥದ್ದೊಂದು ಹಳೆಯ ಕಟ್ಟಳೆ ಇದ್ದರೆ ಹಳ್ಳಿಯವರು ಗಾಯಾಳುಗಳನ್ನು ಬಚ್ಚಿಡುವುದಕ್ಕೂ ಕದಿಯುವುದಕ್ಕೂ ಕಾರಣ ಹುಟ್ಟುತ್ತದೆ. ಒಬ್ಬ ಗಾಯಾಳು ಸತ್ತರೆ ಒಂದು ಮನೆಯ ರಕ್ಷಣೆ ಹೋಯಿತು. ಕರುಣೆಯ ಜೊತೆ ಲೆಕ್ಕಾಚಾರವೂ ಬೆರೆಯುತ್ತದೆ.

ಮತ್ತೆ, ಮೂರು ವರ್ಷದ ಯುದ್ಧ ಅಂದಿರಿ. ಅಷ್ಟು ಹೊತ್ತಿಗೆ ಅವಳ ಗುಡಿಸಲಿಗೆ ಬರುವವರಲ್ಲಿ ಕತ್ತಿಯೇಟಿನವರು ಕಡಿಮೆ, ಭೇದಿ ಮತ್ತು ಜ್ವರದವರು ಹೆಚ್ಚು. 1861ರಿಂದ 1865ರ ತನಕದ ಅಮೆರಿಕದ ಅಂತರ್ಯುದ್ಧದಲ್ಲೂ ಸತ್ತ ಸೈನಿಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಾಯಿಲೆಗೆ ಸತ್ತವರು. ಶೌಚದ ಗುಂಡಿ ಬಾವಿಯಿಂದ ಕನಿಷ್ಠ 30 ಮೀಟರ್ ದೂರ, ಅದೂ ಇಳಿಜಾರಿನ ಕೆಳಗೆ. ಭೇದಿಗೆ ಲೀಟರ್ ಕುದಿಸಿದ ನೀರಿಗೆ ಚಿಕ್ಕ ಚಮಚದಲ್ಲಿ ಮಟ್ಟಸವಾಗಿ ಆರು ಸಕ್ಕರೆ, ಅರ್ಧ ಉಪ್ಪು, ಗುಟುಕು ಗುಟುಕಾಗಿ. ಉಪ್ಪು ಹೆಚ್ಚಾದರೆ ಮಗುವಿಗೆ ಅದೇ ವಿಷ. ಟೈಫಸ್ ಎಂಬ ಅಂಟುಜ್ವರ ಹೇನಿನಿಂದ ಹರಡುತ್ತದೆಂದು ಫ್ರೆಂಚ್ ವೈದ್ಯ ಷಾರ್ಲ್ ನಿಕೋಲ್ ತೋರಿಸಿದ್ದು 1909ರಲ್ಲಿ. ಆದರೆ ಅವನಿಗೆ ಸುಳಿವು ಸಿಕ್ಕಿದ್ದು ಆಸ್ಪತ್ರೆಯ ಬಾಗಿಲಲ್ಲಿ: ಸ್ನಾನ ಮಾಡಿಸಿ ಬಟ್ಟೆ ಬದಲಿಸಿದ ರೋಗಿಗಳಿಂದ ಮತ್ತೊಬ್ಬರಿಗೆ ಅಂಟುತ್ತಿರಲಿಲ್ಲ. ಇಷ್ಟನ್ನು ಗಮನಿಸಲು ಸೂಕ್ಷ್ಮದರ್ಶಕ ಬೇಡ. ನಿಮ್ಮ ಹುಡುಗಿಯೂ ಗಮನಿಸಬಹುದು.

ಮಂತ್ರಲೆಕ್ಕ ಉತ್ತರ:

ಅಂಗೈ ಬಿಸಿಯ ಬಗ್ಗೆ. ಬಿಗಿಕಟ್ಟು ಅವರ "ಹೊಲಿಯಬಾರದು" ಅನ್ನುವ ಮಾತಿನಲ್ಲೇ ನಿಮ್ಮ ಮಂತ್ರದ ನಿಯಮ ಕೂತಿದೆ. ಮಾಂಸ ಕೂಡಿಸುವ ಶಕ್ತಿ ಅಂದರೆ ಕೊಳೆಯನ್ನು ಒಳಗಿಟ್ಟು ಬಾಗಿಲು ಹಾಕುವ ಶಕ್ತಿಯೂ ಹೌದು. ಮೇಲೆ ನುಣ್ಣಗೆ ಕೂಡಿದ ಚರ್ಮ, ಒಳಗೆ ಅಂಗಿಯ ಚೂರು. ಎರಡನೇ ದಿನ ಜ್ವರ, ಮೂರನೇ ದಿನ ಊದಿಕೊಂಡ ತೊಡೆ, ಒತ್ತಿದರೆ ಚರ್ಮದ ಕೆಳಗೆ ಚರಚರ. ಆ ಸದ್ದು ಕೇಳಿದ ಮೇಲೆ ಕಾಲು ತೆಗೆಯುವುದೊಂದೇ ದಾರಿ. ಅವಳ ಮೊದಲ ಸಾವು ಹೀಗೇ ಆಗಲಿ. ಊರು ಪವಾಡ ಅಂದದ್ದೇ ಕೊಂದಿರಲಿ.

ಅಲ್ಲಿಂದ ಅವಳು ಶಕ್ತಿಯನ್ನು ಎಲ್ಲಿ ಬಳಸಬೇಕೆಂದು ಕಲಿಯುತ್ತಾಳೆ: ಹರಿದ ನಾಳದ ಬಾಯಿ ಮುಚ್ಚಲು ಮಾತ್ರ, ಬೆರಳ ತುದಿಯಷ್ಟು. ಮಿಕ್ಕಿದ್ದನ್ನು ನೀರು, ಬಟ್ಟೆ, ಕಾಲ ನೋಡಿಕೊಳ್ಳಲಿ.

ಬೆಲೆಯನ್ನು ಅಂಕಿಯಲ್ಲಿ ಕಟ್ಟಿ. "ತುಂಬಾ ಆಯಾಸವಾಯಿತು" ಅನ್ನುವುದು ಬೆಲೆಯಲ್ಲ, ಏಕೆಂದರೆ ಮುಂದಿನ ಪುಟದಲ್ಲಿ ಅವಳು ಮಲಗಿ ಏಳುತ್ತಾಳೆ. ಉದಾಹರಣೆಗೆ, ಒಂದು ನಾಳ ಮುಚ್ಚಿದರೆ ಅವಳ ಮೈ ಬಿಸಿ ಇಳಿದು ಬೆರಳುಗಳು ಕಾಲು ಗಂಟೆ ಜೋಮು. ಜೋಮು ಹಿಡಿದ ಬೆರಳಿನಿಂದ ಗಂಟು ಹಾಕಲಾಗದು, ಸೂಜಿ ಹಿಡಿಯಲಾಗದು. ಒಂದು ರಾತ್ರಿಗೆ ಮೂರು ಸಲ. ನಾಲ್ಕನೆಯದಕ್ಕೆ ಹೃದಯ ಬಡಿತ ತಪ್ಪುತ್ತದೆ. ಹದಿನಾಲ್ಕು ಗಾಯಾಳು, ಮೂರು ಸಲ. ಏಳನೇ ಅಧ್ಯಾಯ ಇನ್ನು ತಾನೇ ಬರೆಸಿಕೊಳ್ಳುತ್ತದೆ. ನಿಯಮವನ್ನು ಮಾತ್ರ ಎರಡನೇ ಅಧ್ಯಾಯದೊಳಗೆ ಸಣ್ಣ ಗಾಯವೊಂದರಲ್ಲಿ ತೋರಿಸಿಬಿಡಿ. ಬೇಕಾದಾಗ ಹುಟ್ಟುವ ನಿಯಮವನ್ನು ಯಾರೂ ಕ್ಷಮಿಸುವುದಿಲ್ಲ.

ಹೊಳೆದಂಡೆ:

ಎಲ್ಲರಿಗೂ ಧನ್ಯವಾದ. ಏಳನೇ ಅಧ್ಯಾಯಕ್ಕೆ ಹೀಗೆ ಯೋಚಿಸಿದೆ, ತಪ್ಪಿದ್ದರೆ ತಿದ್ದಿ. ಗಾಡಿಯಲ್ಲಿ ಹದಿನಾಲ್ಕು ಜನ. ಹೆಚ್ಚು ಕಿರುಚುವವನ ಹತ್ತಿರ ಅವಳು ಮೊದಲು ಓಡುತ್ತಾಳೆ. ಹೊಟ್ಟೆಗೆ ಈಟಿ ಹೊಕ್ಕವನು ನೀರು ಕೇಳುತ್ತಾನೆ, ಕರುಣೆಯಿಂದ ಕುಡಿಸುತ್ತಾಳೆ. ನಡುರಾತ್ರಿ ಬೇರು, ತೊಗಟೆ ಮುಗಿದುಹೋಗುತ್ತವೆ, ಕಾಡಿಗೆ ಹೋಗುತ್ತಾಳೆ.

ಬಿಗಿಕಟ್ಟು ಉತ್ತರ:

ಮೂರೂ ತಿದ್ದಬೇಕು.

ಕಿರುಚುವವನಿಗೆ ಉಸಿರಿದೆ, ಪ್ರಜ್ಞೆಯಿದೆ. ಅವನು ಕಾಯಬಲ್ಲ. ಮೊದಲು ನೋಡಬೇಕಾದವನು ಗಾಡಿಯ ಮೂಲೆಯಲ್ಲಿ ಬಿಳಿಚಿಕೊಂಡು ಸುಮ್ಮನೆ ಕೂತವನು. ಅವಳು ಹದಿನಾಲ್ಕು ಜನರನ್ನೂ ಒಂದು ಸುತ್ತು ಹಾಕಲಿ, ತಲೆಗೆ ಹತ್ತು ಉಸಿರಿನಷ್ಟು ಹೊತ್ತು, ಯಾರಿಗೂ ಮದ್ದು ಹಾಕದೆ. ರಕ್ತ ಚಿಮ್ಮುತ್ತಿದೆಯೇ, ಉಸಿರು ಸರಿಯಿದೆಯೇ, ಹೇಳಿದ ಮಾತಿಗೆ ಕೈ ಎತ್ತುತ್ತಾನೆಯೇ, ಅಷ್ಟೇ. ಚಿಮ್ಮುತ್ತಿದ್ದರೆ ಮಾತ್ರ ನಿಂತು, ಊರಿನವನೊಬ್ಬನ ಅಂಗೈಯನ್ನು ಗಾಯದ ಮೇಲಿಟ್ಟು, ಒತ್ತು ಅಂತ ಹೇಳಿ ಮುಂದಕ್ಕೆ ಹೋಗಬೇಕು. ಹೀಗೆ ದಾಟಿಕೊಂಡು ಹೋಗುವುದೇ ಆ ರಾತ್ರಿಯ ಅತಿ ಕಷ್ಟದ ಕೆಲಸ. ಕಾಲು ಹಿಡಿದುಕೊಂಡವನ ಬೆರಳು ಬಿಡಿಸಿಕೊಂಡು ಹೋಗುವಾಗ ಅವಳು ಅಳಬೇಕಾಗಿಲ್ಲ, ಅವನ ಹೆಸರು ಕೇಳಿ ನೆನಪಿಟ್ಟುಕೊಂಡರೆ ಸಾಕು. ಎರಡು ಪುಟ ಬಿಟ್ಟು ಬಂದು ಆ ಹೆಸರಿನಿಂದ ಕರೆಯಲಿ.

ಹೊಟ್ಟೆಯ ಗಾಯ: ಕರುಳು ಹರಿದಿದ್ದರೆ ಆ ಲೋಕದಲ್ಲಿ ಬದುಕುವವರು ತೀರ ಅಪರೂಪ. ಸಾವು ಒಂದೆರಡು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಉಳಿಸುವ ಆಸೆ ಇದ್ದರೆ ನೀರು ಕೊಡುವಂತಿಲ್ಲ, ತುಟಿಗೆ ಒದ್ದೆ ಬಟ್ಟೆ ಮಾತ್ರ. ಹೊರಬಂದ ಕರುಳನ್ನು ಒಳಗೆ ತುರುಕಬಾರದು, ಉಪ್ಪುನೀರಿನ ಒದ್ದೆ ಬಟ್ಟೆ ಹೊದಿಸಿ ತೇವ ಕಾಯಬೇಕು. ಹಾಗಾಗಿ ಅವಳು ನೀರು ಕುಡಿಸಿದರೆ, ಇವನು ಉಳಿಯುವುದಿಲ್ಲ ಎಂದು ಅವಳು ತೀರ್ಮಾನಿಸಿದ್ದಾಳೆಂದು ಅರ್ಥ. ಪಕ್ಕದಲ್ಲಿರುವ ಹಳೆಯ ಸೈನಿಕನಿಗೆ ಅದು ಗೊತ್ತಾಗುತ್ತದೆ. ನೋವಿಗೆ ಅಫೀಮು ಕೊಡುತ್ತಿದ್ದರೆ ಉಸಿರು ಎಣಿಸುತ್ತಿರಬೇಕು. ನಿಮಿಷಕ್ಕೆ ಹತ್ತಕ್ಕಿಂತ ಇಳಿದರೆ ಮುಂದಿನ ಗುಟುಕು ಕೊಲ್ಲುತ್ತದೆ. ಎಣಿಸುತ್ತಾ ಅವಳು ನಿಲ್ಲಿಸುತ್ತಾಳೋ ಇಲ್ಲವೋ ಅನ್ನುವುದು ನಿಮ್ಮ ಕಥೆ.

ಬೇರು, ತೊಗಟೆ ಮುಗಿಯುವುದಕ್ಕೆ ಎಷ್ಟೋ ಮೊದಲು ಮುಗಿಯುವುದು ಆರಿದ ನೀರು. ತಲೆಗೆ ಎರಡು ಲೀಟರ್ ತೊಳೆಯಲು, ಮೂರು ಕುಡಿಯಲು: ಹದಿನಾಲ್ಕು ಜನಕ್ಕೆ 70 ಲೀಟರ್. ಬಟ್ಟೆ ಕುದಿಸಲು ಬೇರೆ. ಇಪ್ಪತ್ತು ಲೀಟರಿನ ಹಂಡೆ ಕುದಿಯಲು ಸೌದೆ ಬೇಕು, ಗಾಯಕ್ಕೆ ಹಾಕುವಷ್ಟು ಆರಲು ಕೆಲವು ಗಂಟೆ ಬೇಕು. ಅನುಭವವಿದ್ದವಳು ದಿನಾ ಸಂಜೆ ಎರಡು ಹಂಡೆ ಕುದಿಸಿ ಮುಚ್ಚಿಟ್ಟಿರುತ್ತಾಳೆ. ಬಟ್ಟೆ ತೊಡೆಗಾದರೆ ಅಂಗೈಯಗಲದ ಪಟ್ಟಿ ಮೂರ್ನಾಲ್ಕು ಮೀಟರ್, ದಿನಕ್ಕೊಮ್ಮೆಯಾದರೂ ಬದಲಿ. ವಾರದೊಳಗೆ ಊರಿನ ಸೀರೆ, ಹೊದಿಕೆ, ತೊಟ್ಟಿಲ ಬಟ್ಟೆಗಳೆಲ್ಲ ಹರಿದಿರುತ್ತವೆ. ಬಟ್ಟೆ ಮುಗಿದರೆ ಜೌಗಿನ ಸ್ಫ್ಯಾಗ್ನಮ್ ಪಾಚಿ ಒಣಗಿಸಿ ಬಳಸಬಹುದು. ತನ್ನ ತೂಕದ ಹತ್ತಾರು ಪಟ್ಟು ಹೀರುತ್ತದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಗಾಯಕ್ಕೆ ಅದನ್ನೇ ಕಟ್ಟಿದರು. ಕಾಡಿಗೆ ಕಳಿಸಲೇಬೇಕಾದರೆ ಪಾಚಿಗೆ ಕಳಿಸಿ, ಅವಳ ಬದಲು ಮಕ್ಕಳನ್ನು.

ವಿಲೋ ತೊಗಟೆಯ ಕಷಾಯದ ಬಗ್ಗೆ ಬೇರೆ ಎಳೆಯಲ್ಲಿ ಕೇಳಿದ್ದಿರಿ. ಜ್ವರ, ಮೈನೋವಿಗೆ ಸ್ವಲ್ಪ ಹಿಡಿತ ಕೊಡುತ್ತದೆ, ಅದೂ ನಿಧಾನವಾಗಿ. ಕಾಲು ಕತ್ತರಿಸುವ ನೋವಿಗೆ ಅದು ಲೆಕ್ಕಕ್ಕೇ ಇಲ್ಲ.

ಪದಸಂಚಿ ಉತ್ತರ:

ವೈದ್ಯ ಗೊತ್ತಿಲ್ಲ, ಭಾಷೆಯ ಮಾತು ಹೇಳುತ್ತೇನೆ. ಹಿಂದೆ ನೀವು ಹಾಕಿದ್ದ ಭಾಗದಲ್ಲಿ ಹುಡುಗಿ "ಸೋಂಕು ತಗುಲಿದೆ, ರಕ್ತಸ್ರಾವ ನಿಯಂತ್ರಣಕ್ಕೆ ಬಂದಿದೆ" ಅನ್ನುತ್ತಾಳೆ. ಅದು ಆರೋಗ್ಯ ಇಲಾಖೆಯ ಸುತ್ತೋಲೆ. ಅವಳ ಬಾಯಲ್ಲಿ "ನಂಜೇರಿದೆ", "ರಕ್ತ ಕಟ್ಟಿತು" ಬರಬೇಕು. ಧನುರ್ವಾಯುವಿಗೆ ಅವಳ ಊರಿನಲ್ಲಿ ಬೇರೆಯೇ ಹೆಸರಿರಲಿ: ದವಡೆ ಕಚ್ಚಿಕೊಳ್ಳುತ್ತದೆ, ಬೆನ್ನು ಬಿಲ್ಲಾಗುತ್ತದೆ. ಬಿಲ್ಲುಜ್ವರ ಅಂದರೂ ಆದೀತು.

ನಿಮಿಷ, ಲೀಟರ್, ಗ್ರಾಂ ಎಲ್ಲ ನಿಮ್ಮ ಟಿಪ್ಪಣಿಯಲ್ಲೇ ಉಳಿಯಲಿ. ಹತ್ತು ನಿಮಿಷಕ್ಕೆ ಅಜ್ಜಿ ಕಲಿಸಿದ ಒಂದು ಪದ ಇರಲಿ, ನಿಧಾನವಾಗಿ ಹಾಡಿದರೆ ಸರಿಯಾಗಿ ಅಷ್ಟೇ ಹೊತ್ತು ಹಿಡಿಯುವ ಪದ. ಒತ್ತುವ ಹುಡುಗನಿಗೆ "ಪದ ಮುಗಿಯೋ ತನಕ ಕೈ ಎತ್ತಬೇಡ" ಅಂತಾಳೆ. ಅವನು ಹೆದರಿ ಬೇಗ ಬೇಗ ಹಾಡಿ ಮುಗಿಸಿಬಿಟ್ಟರೆ? ಕರುಣೆಗೆ ಕಣ್ಣೀರೇ ಬೇಕಿಲ್ಲ ಅಂತ ಮೇಲೆ ಹೇಳಿದ್ದಾರೆ, ಒಪ್ಪುತ್ತೇನೆ. ಆದರೆ ಪೂರ್ತಿ ಒಣಗಿಸಲೂ ಬೇಡಿ. ಹದಿನೆಂಟರ ಹುಡುಗಿ, ಒಂದು ಕಡೆ ಅಳಲಿ. ಅದು ಗಾಯಾಳುವಿನ ಮುಂದೆ ಬೇಡ. ಹರಿದ ತೊಟ್ಟಿಲ ಬಟ್ಟೆ ಒಗೆಯುವಾಗ ಆಗಬಹುದು.

ಹೊಳೆದಂಡೆ:

ಪದದ ಉಪಾಯ ಕದ್ದೆ. ಕೊನೆಯದೊಂದು: ಹದಿಮೂರನೆಯವನಿಗೆ ತಲೆಗೆ ಕತ್ತಿಯೇಟು, ಆ ಹೊತ್ತಿಗೆ ದಾರ ಮುಗಿದಿದೆ, ಅವಳ ಬೆರಳು ಜೋಮು ಹಿಡಿದಿದೆ. ಏನು ಮಾಡಬಹುದು?

ಬಿಗಿಕಟ್ಟು ಉತ್ತರ:

ತಲೆಬುರುಡೆ ಒಡೆದಿಲ್ಲ ತಾನೇ? ಬೆರಳಾಡಿಸಿ ತಗ್ಗು ಇಲ್ಲವೆಂದು ನೋಡಿಕೊಂಡ ಮೇಲೆ ಮುಂದಿನ ಮಾತು. ನೆತ್ತಿಯ ಗಾಯಕ್ಕೆ ರಕ್ತ ಕೋಡಿ ಹರಿದರೂ ನಂಜೇರುವುದು ಕಡಿಮೆ, ಹಾಗಾಗಿ ತೊಳೆದು ಅಂದೇ ಮುಚ್ಚಬಹುದು. ಅವನ ಕೂದಲೇ ದಾರ. ಗಾಯದ ಎರಡೂ ಅಂಚಿನಿಂದ ಏಳೆಂಟು ಕೂದಲಿನ ಎಳೆ ತೆಗೆದು, ಗಾಯದ ಮೇಲೆ ಅಡ್ಡ ಎಳೆದು ಒಂದು ಸುತ್ತು ತಿರುಚಿ, ತಿರುಚಿದ ಜಾಗಕ್ಕೆ ಮರದ ಅಂಟಿನ ಒಂದು ತೊಟ್ಟು. ಬೆರಳಗಲಕ್ಕೊಂದರಂತೆ. ಕೂದಲು ಕನಿಷ್ಠ ಒಂದು ಅಂಗುಲ ಉದ್ದವಿರಬೇಕು, ಆದ್ದರಿಂದ ಹಿಂದಿನ ಅಧ್ಯಾಯದಲ್ಲಿ ಹೇನಿಗೆಂದು ಅವನ ತಲೆ ಬೋಳಿಸಿಬಿಡಬೇಡಿ. ತಿರುಚುವುದನ್ನು ಜೋಮು ಹಿಡಿದ ಬೆರಳಿಗಿಂತ ಜಡೆ ಹೆಣೆಯಲು ಗೊತ್ತಿರುವ ಯಾವ ಮಗು ಬೇಕಾದರೂ ಚೆನ್ನಾಗಿ ಮಾಡುತ್ತದೆ.